ಅನ್ನ ಮಗುವಿದ್ದಲ್ಲಿಗೆ ಹೋಗಬೇಕು

ಮರಳೂರು ಈಗ ತುಮಕೂರು ನಗರದೊಳಗೆ ಸೇರಿಹೋದ ಊರು. ಕೆರೆ, ಕುಣಿಗಲ್ ರಸ್ತೆ, ಸಿದ್ಧಾರ್ಥ ಎಂಜಿನಿಯರಿಂಗ್ ಕಾಲೇಜು, ಅದರ ಸುತ್ತ ಬಾಡಿಗೆ ರೂಮುಗಳು, ಮೆಸ್ಸುಗಳು. ಗುಬ್ಬಿ, ಕುಣಿಗಲ್ ಕಡೆಯ ರೈತರ ಮಕ್ಕಳು ಇಲ್ಲಿ ಓದಿ ಬೆಂಗಳೂರಿಗೆ, ಅಲ್ಲಿಂದ ಹೊರದೇಶಕ್ಕೆ ಹೋಗುತ್ತಾರೆ. ಈ ಹುಡುಗ ಹುಡುಗಿಯರಲ್ಲಿ ಕೆಲವರಿಗೆ ಈಚೆಗೆ ಹೊಸದೊಂದು ಆಸೆ ಹುಟ್ಟಿದೆ. ಕೆಲಸಕ್ಕೆ ಸೇರುವ ಮುಂಚೆ ಕೆಲವು ವಾರ ನೇಪಾಳಕ್ಕೋ ಕಾಂಬೋಡಿಯಾಕ್ಕೋ ಕೀನ್ಯಾಕ್ಕೋ ಹೋಗಿ, ಅನಾಥ ಮಕ್ಕಳಿಗೆ ಊಟ ಕೊಡುವ ಕೇಂದ್ರವೊಂದರಲ್ಲಿ ಸ್ವಯಂಸೇವಕರಾಗಿ ದುಡಿಯಬೇಕು ಎನ್ನುವುದು. ಇದನ್ನು ಏರ್ಪಡಿಸಿಕೊಡುವ ಸಂಸ್ಥೆಗಳಿವೆ, ಅದಕ್ಕೆ ಶುಲ್ಕವಿದೆ, ಕೊನೆಗೆ ಪ್ರಮಾಣಪತ್ರವೂ ಇದೆ.

ಆಸೆ ಒಳ್ಳೆಯದು. ಹಸಿದ ಮಗುವಿಗೆ ಉಣಿಸಬೇಕೆನ್ನುವ ಮನಸ್ಸನ್ನು ಅನುಮಾನದಿಂದ ನೋಡುವುದು ನನಗೆ ಸೇರದು. ಆದರೆ ಇಂಥ ಸೇವೆಯಿಂದ ಮಗುವಿಗೆ ಏನಾಗುತ್ತದೆ ಎಂಬುದನ್ನು ಕಳೆದ ಮೂರು ದಶಕಗಳಲ್ಲಿ ಹಲವು ದೇಶಗಳು ಕಣ್ಣಾರೆ ಕಂಡಿವೆ. ಅಲ್ಲಿ ತಿಳಿದುಬಂದದ್ದನ್ನು ಹೊರಡುವವರ ಮುಂದೆ ಇಡಬೇಕು. ಅದನ್ನು ಇಡುವ ಹಕ್ಕು ನಮ್ಮ ಜಿಲ್ಲೆಗೆ ಬೇರೆಯವರಿಗಿಂತ ಹೆಚ್ಚೇ ಇದೆ. ಮಕ್ಕಳಿಗೆ ಉಣಿಸುವ ಕೆಲಸವನ್ನು ಪರದೇಶದವರಿಂದಲೂ ಕಂಡ, ಸ್ವಂತ ಬಲದಿಂದಲೂ ಮಾಡಿ ತೋರಿಸಿದ ನೆಲ ಇದು.

ಗುಬ್ಬಿಯ ಮಟ್ಟಿಗೆ ಈ ಕಥೆ 1837ರಷ್ಟು ಹಿಂದಕ್ಕೆ ಹೋಗುತ್ತದೆ. ಆ ವರ್ಷ ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ ಗುಬ್ಬಿಗೆ ಬಂದು ನೆಲೆಸಿದರು. ಸ್ವಲ್ಪ ಕಾಲಕ್ಕೆ ವಿಲಿಯಂ ಆರ್ಥರ್ ಕೂಡ ಬಂದರು. ಆ ದಿನಗಳಲ್ಲಿ ಇಂಗ್ಲೆಂಡಿನ ಚರ್ಚುಗಳಲ್ಲಿ ಇಂಥ ಮಿಷನ್ನುಗಳಿಗಾಗಿ ಕಾಣಿಕೆ ಎತ್ತುತ್ತಿದ್ದರು. ಇಂದು ನಾವು ‘ವಿದೇಶದ ಬಡ ಮಕ್ಕಳು’ ಎಂದು ಯಾರನ್ನು ನೆನೆಯುತ್ತೇವೋ, ಆಗ ಆ ಜಾಗದಲ್ಲಿ ನಮ್ಮ ಮುತ್ತಜ್ಜಂದಿರಿದ್ದರು.

ಆಮೇಲೆ ಬಂದದ್ದು ಧಾತು, ಈಶ್ವರ ಸಂವತ್ಸರಗಳ ಬರ, 1876ರಿಂದ 78ರವರೆಗೆ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರಲ್ಲಿ ಎಣಿಸಿದಾಗ 42 ಲಕ್ಷದ ಹತ್ತಿರಕ್ಕೆ ಇಳಿದಿತ್ತು. ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ಜನವನ್ನೂ ಲೆಕ್ಕಕ್ಕೆ ಹಿಡಿದರೆ ನಷ್ಟ ಇನ್ನೂ ದೊಡ್ಡದು. ಸರ್ಕಾರ ಗಂಜಿ ಕೇಂದ್ರಗಳನ್ನು ತೆರೆಯಿತು. ಇಂಗ್ಲೆಂಡಿನಲ್ಲಿ ಸಾರ್ವಜನಿಕರಿಂದ ಎತ್ತಿದ ಚಂದಾ ಬಂತು. ತಂದೆ ತಾಯಿ ಸತ್ತ ಮಕ್ಕಳನ್ನು ಮಿಷನರಿಗಳು ತಮ್ಮ ಆಶ್ರಮಗಳಿಗೆ ತೆಗೆದುಕೊಂಡರು. ಆ ಮಕ್ಕಳಲ್ಲಿ ಬದುಕಿ ಉಳಿದವರು ಅಕ್ಷರ ಕಲಿತರು, ಬಡಗಿತನ, ಕಮ್ಮಾರಿಕೆ, ಹೊಲಿಗೆ ಕಲಿತರು. ಆ ಉಪಕಾರವನ್ನು ಸಣ್ಣದು ಎನ್ನಲಾಗದು. ಆದರೆ ಗಂಜಿ ಕೊಟ್ಟ ಕೈಗೇ ಮಗುವಿನ ಹೆಸರು, ದೇವರು, ಮದುವೆ, ಕಸುಬು ಎಲ್ಲದರ ಮೇಲೂ ಅಧಿಕಾರ ಬಂತು. ಉಣಿಸುವವನು ದೂರದವನಾಗಿದ್ದು, ಮಗು ತನ್ನವರಿಂದ ಬೇರೆಯಾಗಿದ್ದರೆ ಈ ಅಧಿಕಾರ ತಾನಾಗಿಯೇ ಬರುತ್ತದೆ. ಯಾರ ಕೆಟ್ಟತನವೂ ಅದಕ್ಕೆ ಬೇಕಿಲ್ಲ. ಇಂದಿನ ಅನಾಥಾಲಯಗಳ ಪ್ರಶ್ನೆಯೂ ಇದೇ.

ನಮ್ಮವರು ಇದೇ ಹಸಿವಿಗೆ ಹುಡುಕಿಕೊಂಡ ಉತ್ತರಗಳು ಬೇರೆ. ಹಳೆಯದು ವಾರಾನ್ನ. ಹಳ್ಳಿಯ ಬಡ ಹುಡುಗ ಪಟ್ಟಣಕ್ಕೆ ಬಂದು ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ಉಂಡು ಓದುತ್ತಿದ್ದ. ಅದರಲ್ಲಿ ಜಾತಿಯ ಗೋಡೆ ಇತ್ತು, ಎಲ್ಲ ಹುಡುಗರಿಗೂ ಅದು ಸಿಗುತ್ತಿರಲಿಲ್ಲ, ಹೆಣ್ಣು ಮಕ್ಕಳಿಗಂತೂ ಸಿಗಲೇ ಇಲ್ಲ. ಆಮೇಲೆ ಮೈಸೂರಿನಲ್ಲಿ ತಾತಯ್ಯ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಅನಾಥಾಲಯ ಕಟ್ಟಿದರು. ಹೆಸರು ಅನಾಥಾಲಯವಾದರೂ ಬಡ ವಿದ್ಯಾರ್ಥಿಗಳಿಗೆಲ್ಲ ಅದು ಊಟ ವಸತಿಯ ನೆಲೆಯಾಯಿತು. ಒಂದೊಂದು ಸಮುದಾಯದ ಉಚಿತ ವಿದ್ಯಾರ್ಥಿ ನಿಲಯಗಳು ಊರೂರಲ್ಲಿ ಎದ್ದವು. ಎಚ್.ಎಂ. ಗಂಗಾಧರಯ್ಯನವರು 1959ರಲ್ಲಿ ಸಿದ್ಧಾರ್ಥ ವಿದ್ಯಾಸಂಸ್ಥೆಯನ್ನು ಆರಂಭಿಸಿದ್ದು, ಮುಂದೆ ನಮ್ಮ ಮರಳೂರಿನಲ್ಲಿ 1979ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂದದ್ದು ಇದೇ ಸಾಲಿನಲ್ಲಿ. ಅವಕಾಶ ಸಿಗದ ಸಮುದಾಯಗಳ ಮಕ್ಕಳು ಓದಬೇಕೆಂಬುದು ಅದರ ಹಿಂದಿದ್ದ ಹಟ.

ಇವೆಲ್ಲಕ್ಕಿಂತ ದೊಡ್ಡದು ಕ್ಯಾತ್ಸಂದ್ರದ ಸಿದ್ಧಗಂಗಾ ಮಠ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿಯೇ ಬರೆಯಬೇಕು. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಹುಟ್ಟಿದ ಶಿವಕುಮಾರ ಸ್ವಾಮಿಗಳು 1930ರಲ್ಲಿ ಸನ್ಯಾಸ ಸ್ವೀಕರಿಸಿ, ಉದ್ಧಾನ ಶಿವಯೋಗಿಗಳ ನಂತರ 1941ರಲ್ಲಿ ಮಠದ ಹೊಣೆ ಹೊತ್ತರು. ಆಗ ಮಠ ಬಡವಾಗಿತ್ತು. ಸ್ವಾಮಿಗಳು ಹಳ್ಳಿ ಹಳ್ಳಿ ತಿರುಗಿ ರಾಗಿ, ಬೇಳೆ, ಕಾಯಿ, ಬೆಲ್ಲ ಬೇಡಿ ತಂದು ಮಕ್ಕಳಿಗೆ ಉಣಿಸಿದರು. ಅನ್ನ, ಅಕ್ಷರ, ಆಶ್ರಯ ಎಂಬ ತ್ರಿವಿಧ ದಾಸೋಹಕ್ಕೆ ಈಗ ಸುಮಾರು 10,000 ಮಕ್ಕಳು. ಜಾತಿ ಧರ್ಮ ಕೇಳುವುದಿಲ್ಲ. ಪ್ರತಿ ವರ್ಷ ಶಾಲೆ ಶುರುವಾಗುವ ಹೊತ್ತಿಗೆ ಉತ್ತರ ಕರ್ನಾಟಕದ ದೂರದ ಜಿಲ್ಲೆಗಳಿಂದ ಅಪ್ಪ ಅಮ್ಮಂದಿರು ಮಕ್ಕಳ ಕೈ ಹಿಡಿದು ಬಂದು ಸರದಿಯಲ್ಲಿ ನಿಲ್ಲುತ್ತಾರೆ. 2019ರ ಜನವರಿ 21ರಂದು ಸ್ವಾಮಿಗಳು 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದಾಗ, ಮಕ್ಕಳ ಮಧ್ಯಾಹ್ನದ ಊಟ ಮುಗಿದ ಮೇಲೆಯೇ ಸುದ್ದಿಯನ್ನು ಪ್ರಕಟಿಸಿದರೆಂದು ಪತ್ರಿಕೆಗಳು ವರದಿ ಮಾಡಿದವು. ಜನವರಿ 21ನ್ನು ರಾಜ್ಯ ಸರ್ಕಾರ ಈಗ ದಾಸೋಹ ದಿನವೆಂದು ಆಚರಿಸುತ್ತದೆ.

ಸ್ವಯಂಸೇವಕರ ಪ್ರಶ್ನೆಗೆ ಈ ಮಠ ಕೊಡುವ ಉತ್ತರ ಅಲ್ಲಿಯ ನಡೆವಳಿಕೆಯಲ್ಲೇ ಇದೆ. ಗುಬ್ಬಿಯ ರೈತನೊಬ್ಬ ಸುಗ್ಗಿ ಮುಗಿದ ಮೇಲೆ ಎರಡು ಮೂಟೆ ರಾಗಿ ತಂದು ಇಳಿಸುತ್ತಾನೆ, ಗದ್ದುಗೆಗೆ ಕೈಮುಗಿಯುತ್ತಾನೆ, ಪಂಕ್ತಿಯಲ್ಲಿ ಕೂತು ಊಟ ಮಾಡಿ ಹೊರಡುತ್ತಾನೆ. ತನ್ನ ರಾಗಿಯ ಮುದ್ದೆ ಯಾವ ಮಗುವಿನ ತಟ್ಟೆಗೆ ಹೋಯಿತು ಎಂದು ಅವನು ಕೇಳುವುದಿಲ್ಲ. ಆ ಮಗುವನ್ನು ಎದುರು ನಿಲ್ಲಿಸಿ ಥ್ಯಾಂಕ್ಸ್ ಹೇಳಿಸುವುದಿಲ್ಲ. ಜಾತ್ರೆಯ ದಿನಗಳಲ್ಲಿ ಕೆಲಸಕ್ಕೆ ಬರುವ ಊರಿನವರು ಸೊಪ್ಪು ಸೋಸುತ್ತಾರೆ, ಈರುಳ್ಳಿ ಹೆಚ್ಚುತ್ತಾರೆ, ಕೊಪ್ಪರಿಗೆ ಉಜ್ಜುತ್ತಾರೆ, ಬಡಿಸುತ್ತಾರೆ, ಎಂಜಲು ಬಳಿಯುತ್ತಾರೆ. ಕುಣಿಗಲ್ ತಾಲ್ಲೂಕಿನ ಎಡೆಯೂರು ಸಿದ್ಧಲಿಂಗೇಶ್ವರನ ದಾಸೋಹದಲ್ಲೂ ಇದೇ ರೀತಿ. ಕೊಡುವವನು ಅಡುಗೆಮನೆಯ ಕಡೆಯಿಂದ ಬರುತ್ತಾನೆ. ಮಗುವಿನ ದಿನಚರಿ, ಪಾಠ, ಪ್ರಾರ್ಥನೆ, ಜಗಳ, ಜ್ವರ ನೋಡಿಕೊಳ್ಳುವವರು ವರ್ಷಗಟ್ಟಲೆ ಅಲ್ಲೇ ಇರುವವರು.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಸಿದ್ಧಗಂಗೆಯಲ್ಲಿರುವ ಮಕ್ಕಳಲ್ಲಿ ತಂದೆ ತಾಯಿ ಇಲ್ಲದವರೂ ಇದ್ದಾರೆ, ಆದರೆ ಹೆಚ್ಚಿನವರು ಬಡವರ ಮಕ್ಕಳು. ರಜೆ ಬಂದರೆ ಟ್ರಂಕು ಹೊತ್ತು ಊರಿಗೆ ಹೋಗುತ್ತಾರೆ. ಮಠ ಅವರನ್ನು ಅನಾಥರೆಂದು ಹೆಸರಿಸಿ ಕೈ ಚಾಚಲಿಲ್ಲ. ನನ್ನ ಅಭಿಪ್ರಾಯ ಹೇಳುವುದಾದರೆ, ಆರೇಳು ವರ್ಷದ ಕೂಸಿಗೆ ಮನೆಯ ಹತ್ತಿರವೇ ಒಳ್ಳೆಯ ಶಾಲೆ, ಹೊಟ್ಟೆ ತುಂಬ ಊಟ ಸಿಗುವುದು ಯಾವ ದೊಡ್ಡ ನಿಲಯಕ್ಕಿಂತಲೂ ಮೇಲು. ಅದು ಸಿಗದ ಕಾಲದಲ್ಲಿ, ಸಿಗದ ಊರುಗಳ ಮಕ್ಕಳಿಗೆ ಮಠ ಬಾಗಿಲು ತೆರೆಯಿತು. ಇಂದೂ ಆ ಸರದಿ ಕರಗಿಲ್ಲವೆಂದರೆ ಕೊರತೆ ಆ ಊರುಗಳಲ್ಲಿದೆ.

ಈಗ ಹೊರಗಿನ ಜಗತ್ತಿನ ಲೆಕ್ಕಕ್ಕೆ ಬರೋಣ. ಜಗತ್ತಿನಲ್ಲಿ 14 ಕೋಟಿ ಅನಾಥ ಮಕ್ಕಳಿದ್ದಾರೆ ಎಂಬ ಅಂಕಿಯನ್ನು ದಾನ ಕೇಳುವ ಕರಪತ್ರಗಳಲ್ಲಿ ಕಾಣುತ್ತೇವೆ. ಅದು 2015ಕ್ಕೆ ಯುನಿಸೆಫ್ ಕೊಟ್ಟ ಅಂದಾಜು. ಆದರೆ ಆ ಎಣಿಕೆಯಲ್ಲಿ ತಂದೆ ತಾಯಿಯರಲ್ಲಿ ಒಬ್ಬರನ್ನು ಕಳೆದುಕೊಂಡ ಮಕ್ಕಳೂ ಸೇರಿದ್ದಾರೆ. ಇಬ್ಬರನ್ನೂ ಕಳೆದುಕೊಂಡವರು ಸುಮಾರು 1.5 ಕೋಟಿ. ಅವರಲ್ಲೂ ಬಹುಪಾಲು ಮಕ್ಕಳು ಅಜ್ಜಿ, ಚಿಕ್ಕಮ್ಮ, ದೊಡ್ಡಪ್ಪನ ಮನೆಗಳಲ್ಲಿ ಬೆಳೆಯುತ್ತಿದ್ದಾರೆ. ಅನಾಥಾಲಯಗಳ ಒಳಗಿರುವ ಮಕ್ಕಳನ್ನು ನೋಡಿದರೆ ಚಿತ್ರ ತಿರುಗುಮುರುಗಾಗುತ್ತದೆ. ಐದರಲ್ಲಿ ನಾಲ್ಕು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದಾರೆ ಎಂಬುದು ಮಕ್ಕಳ ಹಕ್ಕುಗಳ ಸಂಸ್ಥೆಗಳು ಒಪ್ಪಿಕೊಂಡ ಅಂದಾಜು. ಅಂದರೆ ಅವರನ್ನು ಅಲ್ಲಿಗೆ ಕಳಿಸಿದ್ದು ಬಡತನ.

ಕಾಂಬೋಡಿಯಾದಲ್ಲಿ ಆದದ್ದು ಇದಕ್ಕೆ ಕಣ್ಣಿಗೆ ರಾಚುವ ಉದಾಹರಣೆ. 2005ರಿಂದ 2010ರ ನಡುವೆ ಅಲ್ಲಿ ಅನಾಥಾಲಯಗಳ ಸಂಖ್ಯೆ ಮುಕ್ಕಾಲು ಪಾಲು ಏರಿತು. ಯುದ್ಧ ಮುಗಿದು ದೇಶ ಚೇತರಿಸಿಕೊಳ್ಳುತ್ತಿದ್ದ ಕಾಲ ಅದು. ಏರಿದ್ದು ಪ್ರವಾಸಿಗರ ಸಂಖ್ಯೆ, ಸ್ವಯಂಸೇವಕರ ಸಂಖ್ಯೆ. 2011ರಲ್ಲಿ ಯುನಿಸೆಫ್ ಮತ್ತು ಅಲ್ಲಿಯ ಸರ್ಕಾರ ನಡೆಸಿದ ಅಧ್ಯಯನ ನೋಡಿದರೆ ಮುಕ್ಕಾಲಕ್ಕಿಂತ ಹೆಚ್ಚು ಮಕ್ಕಳಿಗೆ ತಂದೆ ಅಥವಾ ತಾಯಿ ಇದ್ದರು. ನೇಪಾಳದಲ್ಲೂ ಮಕ್ಕಳ ಮನೆಗಳಲ್ಲಿ ಬಹುಪಾಲು ಇದ್ದದ್ದು ಕಠ್ಮಂಡು ಕಣಿವೆ, ಪೋಖರಾ, ಚಿತ್ವನ್ ಮುಂತಾದ ಪ್ರವಾಸಿಗರ ಜಿಲ್ಲೆಗಳಲ್ಲೇ. ಮಕ್ಕಳು ಬಂದದ್ದು ದೂರದ ಬೆಟ್ಟದ ಹಳ್ಳಿಗಳಿಂದ. ದಲ್ಲಾಳಿ ಹಳ್ಳಿಗೆ ಹೋಗಿ ‘ಮಗನನ್ನು ಒಳ್ಳೆಯ ಇಂಗ್ಲಿಷ್ ಶಾಲೆಗೆ ಸೇರಿಸುತ್ತೇನೆ’ ಎಂದು ತಾಯಿಯಿಂದ ದುಡ್ಡನ್ನೂ ತೆಗೆದುಕೊಂಡು ಮಗುವನ್ನು ಕರೆತರುತ್ತಿದ್ದ. ಆಶ್ರಮ ಸೇರಿದ ಮೇಲೆ ಆ ಮಗು ಕಾಗದದಲ್ಲಿ ಅನಾಥವಾಗುತ್ತಿತ್ತು. ತೆಳ್ಳಗಿರುವ ಮಗುವಿಗೆ ಹೆಚ್ಚು ದಾನ ಬರುತ್ತದೆಂದು ತಿಳಿದ ದುಷ್ಟರು ಮಕ್ಕಳನ್ನು ಬೇಕೆಂದೇ ಅರೆಹೊಟ್ಟೆಯಲ್ಲಿಟ್ಟದ್ದೂ ದಾಖಲಾಗಿದೆ. ಇದನ್ನು ಬರೆಯುವಾಗ ಮೈ ಉರಿಯುತ್ತದೆ. ಸ್ವಯಂಸೇವಕ ಒಳ್ಳೆಯ ಮನಸ್ಸಿನಿಂದ ಕಟ್ಟಿದ ಶುಲ್ಕವೇ ಮುಂದಿನ ಹಳ್ಳಿಗೆ ದಲ್ಲಾಳಿಯನ್ನು ಕಳಿಸಿತು.

ಇದಕ್ಕೆ ಲೋಕ ಕಣ್ಣು ತೆರೆದದ್ದು ತಡವಾಗಿ. 2018ರಲ್ಲಿ ಆಸ್ಟ್ರೇಲಿಯಾ ತನ್ನ ಆಧುನಿಕ ಗುಲಾಮಗಿರಿ ಕಾಯ್ದೆಯನ್ನು ತಂದಾಗ, ದುಡ್ಡಿಗಾಗಿ ಮಕ್ಕಳನ್ನು ಅನಾಥಾಲಯಗಳಿಗೆ ಸಾಗಿಸುವುದನ್ನೂ ಗುಲಾಮಗಿರಿಯ ಸಾಲಿಗೆ ಸೇರಿಸಿ ನೋಡಿತು. 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಒಪ್ಪಿದ ಮಕ್ಕಳ ಹಕ್ಕುಗಳ ನಿರ್ಣಯ, ಮಕ್ಕಳನ್ನು ಕುಟುಂಬದಲ್ಲೇ ಬೆಳೆಸುವ ವ್ಯವಸ್ಥೆಗೆ ಒತ್ತು ಕೊಟ್ಟು, ಅನಾಥಾಲಯಗಳ ಸ್ವಯಂಸೇವಾ ಪ್ರವಾಸದಿಂದಾಗುವ ಹಾನಿಯನ್ನು ಹೆಸರಿಸಿ ಹೇಳಿತು.

ಮೋಸ ಮಾಡದ, ಪ್ರಾಮಾಣಿಕವಾದ ಆಶ್ರಮದಲ್ಲೂ ಒಂದು ತೊಂದರೆ ಉಳಿಯುತ್ತದೆ. ರೊಮೇನಿಯಾದ ಕಥೆ ಅದನ್ನು ತಿಳಿಸಿತು. 1966ರಲ್ಲಿ ಅಲ್ಲಿಯ ಸರ್ಕಾರ ಗರ್ಭಪಾತ, ಗರ್ಭನಿರೋಧಕಗಳನ್ನು ನಿರ್ಬಂಧಿಸಿತು. ಸಾಕಲಾಗದೆ ಬಿಟ್ಟ ಮಕ್ಕಳಿಂದ ಸರ್ಕಾರಿ ಆಶ್ರಮಗಳು ತುಂಬಿದವು. 1989ರ ಕ್ರಾಂತಿಯ ನಂತರ ಬಾಗಿಲು ತೆರೆದಾಗ ಜಗತ್ತು ಬೆಚ್ಚಿತು. 2000ದಲ್ಲಿ ಅಮೆರಿಕದ ವಿಜ್ಞಾನಿಗಳು ಬುಖಾರೆಸ್ಟಿನಲ್ಲಿ 136 ಮಕ್ಕಳ ಬೆಳವಣಿಗೆಯನ್ನು ಗಮನಿಸಲು ಶುರುಮಾಡಿದರು. ಅರ್ಧದಷ್ಟು ಮಕ್ಕಳು ಸಾಕು ಕುಟುಂಬಗಳಿಗೆ ಹೋದರು, ಉಳಿದವರು ಎಂದಿನ ವ್ಯವಸ್ಥೆಯಲ್ಲೇ ಇದ್ದರು. ಕುಟುಂಬ ಸೇರಿದ ಮಕ್ಕಳ ಬುದ್ಧಿ, ಮಾತು, ನಂಟಿನ ಶಕ್ತಿ ಚೇತರಿಸಿಕೊಂಡವು. ಎರಡು ವರ್ಷ ತುಂಬುವ ಮುಂಚೆ ಮನೆ ಸಿಕ್ಕಿದವರಿಗೆ ಹೆಚ್ಚು ಲಾಭವಾಯಿತು. ಊಟ, ಬಟ್ಟೆ, ಹಾಸಿಗೆ ಸಿಕ್ಕ ಮಾತ್ರಕ್ಕೆ ಮಗು ಬೆಳೆಯದು. ತನ್ನ ಅಳುವಿಗೆ ದಿನಾ ಓಗೊಡುವ ಒಬ್ಬ ಮನುಷ್ಯ ಬೇಕು. ಈಗ ಯೋಚಿಸಿ. ತಿಂಗಳಿಗೊಬ್ಬ ಹೊಸ ಅಕ್ಕ, ಹೊಸ ಅಣ್ಣ ಬಂದು, ಎತ್ತಿ ಮುದ್ದಾಡಿ, ತುತ್ತು ಉಣಿಸಿ, ವಿಮಾನ ಹತ್ತಿ ಹೋದರೆ ಆ ಮಗುವಿನ ಒಳಗೆ ಏನಾಗುತ್ತದೆ? ಬಂದವರ ಕೊರಳಿಗೆಲ್ಲ ಜೋತುಬೀಳುವ ಮಗು ಬಹಳ ಪ್ರೀತಿಯ ಸ್ವಭಾವದ್ದೆಂದು ಸ್ವಯಂಸೇವಕರು ಹಿಗ್ಗುತ್ತಾರೆ. ಯಾರೂ ತನ್ನವರಾಗಿ ಉಳಿಯದ ಮಗು ಹಾಗೆ ಮಾಡುತ್ತದೆ ಎಂದು ಮಕ್ಕಳ ಮನೋವೈದ್ಯರು ಹೇಳುತ್ತಾರೆ. ಆಸ್ಟ್ರಿಯಾದಲ್ಲಿ 1949ರಲ್ಲಿ ಹರ್ಮನ್ ಗ್ಮೈನರ್ ಎಸ್‌ಒಎಸ್ ಮಕ್ಕಳ ಗ್ರಾಮವನ್ನು ಆರಂಭಿಸಿದಾಗ ಒಂದೊಂದು ಮನೆಗೆ ಒಬ್ಬ ತಾಯಿಯನ್ನು ಇಟ್ಟದ್ದು ಈ ಕೊರತೆಯನ್ನು ತುಂಬಲಿಕ್ಕೆ. ಬೆಂಗಳೂರಿನಲ್ಲೂ ಅಂಥ ಗ್ರಾಮವಿದೆ. ಹಣ ಎಲ್ಲಿಂದಲೋ ಬಂದರೂ ತಾಯಿ ಇಲ್ಲಿಯವಳು.

ಹಾಗಾದರೆ ದೂರದ ದೇಶದ ಮಕ್ಕಳಿಗೆ ದೂರದವರು ಏನೂ ಮಾಡಬಾರದೆ? ಖಂಡಿತ ಮಾಡಬೇಕು. ಆಫ್ರಿಕಾದ ಮಲಾವಿಯನ್ನು ನೋಡಿ. ಏಡ್ಸ್ ಅಲ್ಲಿ ಎಷ್ಟೋ ಮಕ್ಕಳ ತಂದೆ ತಾಯಂದಿರನ್ನು ಕೊಂದಿತ್ತು, ಮೇಲೆ 2002ರಲ್ಲಿ ಬರ. ಆ ವರ್ಷ ಸ್ಕಾಟ್ಲೆಂಡಿನ ಮ್ಯಾಗ್ನಸ್ ಮ್ಯಾಕ್‌ಫಾರ್ಲೇನ್ ಬ್ಯಾರೋ ಶುರುಮಾಡಿದ ಮೇರೀಸ್ ಮೀಲ್ಸ್ ಸಂಸ್ಥೆ ಮೊದಲು 200 ಮಕ್ಕಳಿಗೆ ಗಂಜಿ ಕೊಟ್ಟಿತು. ಈಗ ಹಲವು ದೇಶಗಳಲ್ಲಿ 20 ಲಕ್ಷಕ್ಕಿಂತ ಹೆಚ್ಚು ಮಕ್ಕಳಿಗೆ ಶಾಲೆಯ ದಿನಗಳಲ್ಲಿ ಊಟ ಕೊಡುತ್ತಿದೆ. ಇದಕ್ಕೆ ಅನಾಥಾಲಯ ಬೇಕಾಗಲಿಲ್ಲ. ಮುಸುಕಿನ ಜೋಳ ಮತ್ತು ಸೋಯಾ ಹಿಟ್ಟಿನ ಗಂಜಿಯನ್ನು ಶಾಲೆಯಲ್ಲೇ ಕಾಯಿಸುತ್ತಾರೆ. ಬೆಳಗಿನ ಜಾವ ಎದ್ದು ಒಲೆ ಹೊತ್ತಿಸುವವರು ಆ ಊರಿನ ತಾಯಂದಿರು, ಅಜ್ಜಿಯರು. ಸ್ವಯಂಸೇವಕರೆಂದರೆ ಅಲ್ಲಿ ಅವರೇ. ಸ್ಕಾಟ್ಲೆಂಡಿನವರು ತಮ್ಮೂರಿನಲ್ಲಿ ದುಡ್ಡು ಎತ್ತುತ್ತಾರೆ. ತಂದೆಯಿಲ್ಲದ ಮಗು ಅಜ್ಜಿಯ ಗುಡಿಸಲಿನಿಂದ ಶಾಲೆಗೆ ಬರುತ್ತದೆ, ಬಟ್ಟಲು ತುಂಬ ಗಂಜಿ ಕುಡಿಯುತ್ತದೆ, ಸಂಜೆ ಅಜ್ಜಿಯ ಹತ್ತಿರಕ್ಕೇ ಹೋಗುತ್ತದೆ. ಮಗುವಿನ ಮಟ್ಟಿಗೆ ನಮ್ಮ ಶಾಲೆಗಳ ಬಿಸಿಯೂಟವೂ ಹೀಗೆಯೇ.

ಊಟ ಕೊಡುವ ಕೇಂದ್ರಗಳಲ್ಲಿ ಇನ್ನೊಂದು ಬಗೆಯೂ ಉಂಟು, ಅದನ್ನು ತಿಳಿಯದೆ ಹೋಗುವುದು ಅಪಾಯ. ಬರ, ಯುದ್ಧದ ನೆಲಗಳಲ್ಲಿ ತೀವ್ರ ಅಪೌಷ್ಟಿಕತೆಯ ಮಕ್ಕಳಿಗೆ ಚಿಕಿತ್ಸೆಯಾಗಿ ಆಹಾರ ಕೊಡುತ್ತಾರೆ. ಮಗುವಿನ ತೋಳಿಗೆ ಬಣ್ಣದ ಪಟ್ಟಿ ಸುತ್ತಿ ಅಳೆಯುತ್ತಾರೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಅದು ಜೀವಕ್ಕೆ ಕುತ್ತು. ಅಂಥ ಮಗುವಿಗೆ ಅಯ್ಯೋ ಪಾಪ ಎಂದು ಒಮ್ಮೆಲೇ ಹೊಟ್ಟೆ ತುಂಬ ಉಣಿಸಿದರೆ ದೇಹ ತಡೆಯದು, ಹೃದಯ ನಿಲ್ಲಬಹುದು. ಮೊದಲ ದಿನಗಳಲ್ಲಿ ವಿಶೇಷ ಹಾಲನ್ನು ಅಳತೆ ಮಾಡಿ, ಎರಡು ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪವಾಗಿ ಕುಡಿಸಬೇಕು. ಇದು ತರಬೇತಾದ ದಾದಿಯರ ಕೆಲಸ. ನಮ್ಮ ಜಿಲ್ಲಾ ಆಸ್ಪತ್ರೆಗಳ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಲ್ಲೂ ಹೀಗೆಯೇ, ತಾಯಿಯನ್ನು ಜೊತೆಗಿಟ್ಟುಕೊಂಡೇ ಚಿಕಿತ್ಸೆ ಕೊಡುತ್ತಾರೆ. ಪ್ರೀತಿಯೊಂದನ್ನೇ ನಂಬಿ ಬಂದವರಿಗೆ ಅಲ್ಲಿ ಕೆಲಸವಿಲ್ಲ.

ಅಡುಗೆಯ ಕೆಲಸವನ್ನೂ ಹಗುರಾಗಿ ತೆಗೆದುಕೊಳ್ಳುವಂತಿಲ್ಲ. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರ ಊಟದಲ್ಲಿ ಕೀಟನಾಶಕ ಬೆರೆತು 23 ಮಕ್ಕಳು ಸತ್ತರು. ಎಣ್ಣೆ ಎಲ್ಲಿಟ್ಟಿದೆ, ಡಬ್ಬದಲ್ಲಿ ಮುಂಚೆ ಏನಿತ್ತು, ಮಕ್ಕಳಿಗಿಂತ ಮೊದಲು ಯಾರು ರುಚಿ ನೋಡಿದರು ಎಂಬ ಸಣ್ಣ ಪ್ರಶ್ನೆಗಳ ಮೇಲೆ ಅವರ ಜೀವ ನಿಂತಿತ್ತು. ದಿನಾ ಅಲ್ಲೇ ಇರುವವರು ಮಾತ್ರ ಈ ಪ್ರಶ್ನೆಗಳನ್ನು ದಿನಾ ಕೇಳಬಲ್ಲರು.

ಇನ್ನು ನಮ್ಮಲ್ಲಿಯ ಸ್ಥಿತಿ. ವಿದೇಶಿಯರು ಬಂದು ನಮ್ಮ ಆಶ್ರಮಗಳಲ್ಲಿ ಸೇವೆ ಮಾಡುವುದುಂಟು, ನಮ್ಮವರೇ ಹೋಗುವುದು ಇನ್ನೂ ಹೆಚ್ಚು. ಮಗನ ಹುಟ್ಟುಹಬ್ಬ, ಅಪ್ಪನ ಪುಣ್ಯತಿಥಿ ಬಂದರೆ ಆಶ್ರಮದ ಮಕ್ಕಳಿಗೆ ಹೋಳಿಗೆ ಊಟ ಹಾಕಿಸುವ ಪದ್ಧತಿ ತುಮಕೂರಿನಲ್ಲೂ ಬೆಳೆದಿದೆ. ಊಟ ಹಾಕಿಸಿ, ಬೇಡ ಎನ್ನುವುದಿಲ್ಲ. ಆದರೆ ಅಪ್ಪ ಅಮ್ಮ ಇಲ್ಲದ ಮಗುವನ್ನು ಕೂರಿಸಿಕೊಂಡು, ಅದರ ಎದುರಿಗೇ ನಿಮ್ಮ ಮಗನಿಗೆ ನೀವು ಕೇಕ್ ತಿನ್ನಿಸುವಾಗ ಆ ಮಗುವಿನ ಮುಖ ನೋಡಿ. ಭಾನುವಾರ ಎರಡು ಮೂರು ಕಡೆಯವರ ಊಟ ಬಂದು ಚೆಲ್ಲುತ್ತದೆ, ಬುಧವಾರಕ್ಕೆ ತರಕಾರಿಯೇ ಇರುವುದಿಲ್ಲ. ದುಡ್ಡನ್ನು ಬುಧವಾರದ ತರಕಾರಿಗೆ ಕೊಟ್ಟು ಬನ್ನಿ.

ಕಾನೂನನ್ನೂ ತಿಳಿದಿರಬೇಕು. 2015ರ ಬಾಲನ್ಯಾಯ ಕಾಯ್ದೆಯಂತೆ, ಪಾಲನೆ ಪೋಷಣೆ ಬೇಕಾದ ಮಕ್ಕಳನ್ನು ಇಟ್ಟುಕೊಳ್ಳುವ ಪ್ರತಿ ಸಂಸ್ಥೆಯೂ ನೋಂದಣಿಯಾಗಿರಬೇಕು. ಆಗದಿದ್ದರೆ ಅದನ್ನು ನಡೆಸುವವರಿಗೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ, ಇಲ್ಲವೇ ಎರಡೂ. ಯಾವ ಮಗು ಆಶ್ರಮಕ್ಕೆ ಬರಬೇಕು, ಯಾವುದು ಮನೆಗೆ ಹೋಗಬೇಕು ಎಂದು ತೀರ್ಮಾನಿಸುವುದು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ, ಆಶ್ರಮದ ಮಾಲೀಕನಲ್ಲ. ಅದೇ ಕಾಯ್ದೆಯ 74ನೆಯ ಕಲಮು ಇಂಥ ಮಕ್ಕಳ ಗುರುತು ತಿಳಿಯುವಂತೆ ಹೆಸರು, ಚಿತ್ರ ಪ್ರಕಟಿಸುವುದನ್ನು ನಿಷೇಧಿಸುತ್ತದೆ. ಬಡಿಸುವಾಗ ತೆಗೆದ ಸೆಲ್ಫಿಯನ್ನು ಫೋನಿನಲ್ಲಿ ಹತ್ತು ಜನಕ್ಕೆ ಹಂಚುವವರು ಇದನ್ನು ನೆನಪಿಡಬೇಕು. ದೊಡ್ಡವನಾದ ಮೇಲೆ ಆ ಹುಡುಗ ಕೆಲಸ ಹುಡುಕುವಾಗ, ಮದುವೆಯಾಗುವಾಗ ತಟ್ಟೆ ಹಿಡಿದು ನಿಂತ ಆ ಚಿತ್ರ ಅವನ ಬೆನ್ನು ಹತ್ತಬಾರದು.

ಹೊರದೇಶಕ್ಕೆ ಹೊರಟವರೂ ಇದೇ ಅಳತೆಯನ್ನು ಒಯ್ಯಬಹುದು. ಆ ಕೇಂದ್ರ ಅಲ್ಲಿಯ ಸರ್ಕಾರದಲ್ಲಿ ನೋಂದಣಿಯಾಗಿದೆಯೆ? ಮಕ್ಕಳ ಮನೆಯವರು ಎಲ್ಲಿದ್ದಾರೆ, ಬಂದು ಹೋಗುತ್ತಾರೆಯೆ? ನಿಮ್ಮ ಹಿನ್ನೆಲೆಯ ಬಗ್ಗೆ ಪೊಲೀಸರಿಂದ ಪತ್ರ ತರಲು ಹೇಳಿದ್ದಾರೆಯೆ? ಬೆಂಗಳೂರಿನಿಂದ ಬಂದ ಅಪರಿಚಿತನನ್ನು ಯಾವ ವಿಚಾರಣೆಯೂ ಇಲ್ಲದೆ ಮೊದಲ ದಿನವೇ ಮಕ್ಕಳ ಕೋಣೆಗೆ ಬಿಡುವ ಸಂಸ್ಥೆ, ಯಾರನ್ನು ಬೇಕಾದರೂ ಬಿಡುತ್ತದೆ. ಅಂಥ ಕಡೆಗೆ ಹೋಗಬೇಡಿ, ದುಡ್ಡೂ ಕಟ್ಟಬೇಡಿ.

ಇಷ್ಟನ್ನೆಲ್ಲ ನೋಡುವಾಗ ನನಗೆ ಅತ್ಯಂತ ಭರವಸೆ ಕೊಟ್ಟದ್ದು, ಮಗುವನ್ನು ಮನೆಯಿಂದ ಕೀಳದೆಯೇ ಉಣಿಸುವ ವ್ಯವಸ್ಥೆ. ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಸರ್ಕಾರಿ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಲೇಬೇಕೆಂದು ಆದೇಶಿಸಿತು. ಕರ್ನಾಟಕದಲ್ಲಿ 2002ರ ಜೂನ್‌ನಲ್ಲಿ ಏಳು ಜಿಲ್ಲೆಗಳಲ್ಲಿ ಶುರುವಾದ ಅಕ್ಷರ ದಾಸೋಹ ಮರುವರ್ಷ ಇಡೀ ರಾಜ್ಯಕ್ಕೆ ಹಬ್ಬಿತು. ಸಿದ್ಧಗಂಗೆಯಲ್ಲಿ ಕೇಳುವ ದಾಸೋಹದ ಮಾತೇ ಸರ್ಕಾರದ ಯೋಜನೆಯ ಹೆಸರಾಗಿ ಪ್ರತಿ ಹಳ್ಳಿಯ ಶಾಲೆಗೆ ಬಂತು. 2013ರ ಆಗಸ್ಟಿನಲ್ಲಿ ಕ್ಷೀರಭಾಗ್ಯದ ಹಾಲು, ಆಮೇಲೆ ಮೊಟ್ಟೆ, ಬಾಳೆಹಣ್ಣು, 2024ರಿಂದ ರಾಗಿ ಮಾಲ್ಟ್ ಸೇರಿದವು. ಬೆಂಗಳೂರಿನಲ್ಲಿ 2000ದಲ್ಲಿ ಐದು ಶಾಲೆಗಳ 1,500 ಮಕ್ಕಳಿಂದ ಆರಂಭವಾದ ಅಕ್ಷಯ ಪಾತ್ರ ಸಂಸ್ಥೆ ದೇಶದುದ್ದಕ್ಕೂ ಬೆಳೆದದ್ದರಲ್ಲಿ ಹೊರದೇಶದಲ್ಲಿರುವ ನಮ್ಮವರ ದುಡ್ಡೂ ಇದೆ. ತಂದೆ ತಾಯಿ ಇಲ್ಲದ, ಅಥವಾ ಒಬ್ಬರೇ ಇದ್ದು ಸಾಕಲಾಗದ ಮಗುವನ್ನು ಅಜ್ಜಿಯ ಹತ್ತಿರವೇ ಉಳಿಸಲು ಮಿಷನ್ ವಾತ್ಸಲ್ಯದಡಿ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಸಿಗುತ್ತದೆ. ಇದು ಎಷ್ಟೋ ಅಜ್ಜಿಯರಿಗೆ ಗೊತ್ತೇ ಇಲ್ಲ. ಅರ್ಜಿ ಬರೆಯಲು ಬಾರದು, ಆಧಾರ್, ಬ್ಯಾಂಕ್ ಪಾಸ್‌ಬುಕ್, ಮರಣ ಪ್ರಮಾಣಪತ್ರ ಹೊಂದಿಸಲು ಆಗದು. ಕುಣಿಗಲ್ಲಿನ ಹಳ್ಳಿಯೊಂದರಿಂದ ಅಜ್ಜಿ ತುಮಕೂರಿನ ಮಕ್ಕಳ ರಕ್ಷಣಾ ಘಟಕದ ಕಚೇರಿಗೆ ಬಂದು ಹೋಗುವುದೆಂದರೆ ಒಂದು ದಿನದ ಕೂಲಿ ಹೋದಂತೆ.

ಸ್ವಯಂಸೇವಕರ ನಿಜವಾದ ಕೆಲಸ ನನಗೆ ಇಲ್ಲಿ ಕಾಣುತ್ತದೆ. ಆ ಅಜ್ಜಿಯ ಅರ್ಜಿಯನ್ನು ಕೂತು ತುಂಬಿ, ಕಚೇರಿಗೆ ಹೋಗಿ, ಮಂಜೂರಾಗುವವರೆಗೆ ಬೆನ್ನು ಬಿಡದ ಒಬ್ಬ ಹುಡುಗ, ಒಬ್ಬ ಹುಡುಗಿ ಬೇಕು. ಅದರಿಂದ ಒಂದು ಮಗು ಆಶ್ರಮ ಸೇರುವುದು ತಪ್ಪುತ್ತದೆ. ಫೋಟೋ ತೆಗೆಯುವಂಥದ್ದು ಅದರಲ್ಲಿ ಏನೂ ಇಲ್ಲ. ಎಂಜಿನಿಯರಿಂಗ್ ಓದಿದವರು ಶಾಲೆಯ ಅಡುಗೆಮನೆಯ ಹೊಗೆ ಹೊರಹೋಗುವಂತೆ ಮಾಡಲಿ, ನೀರಿನ ಫ್ಲೋರೈಡ್ ಪರೀಕ್ಷಿಸಲಿ. ಪಾವಗಡ, ಶಿರಾ ಕಡೆಯ ಕೊಳವೆಬಾವಿಗಳಲ್ಲಿ ಅದು ಹಳೆಯ ಪಿಡುಗು. ಲೆಕ್ಕ ಓದಿದವರು ಚಿಕ್ಕ ಆಶ್ರಮಗಳ ಪುಸ್ತಕ ಸರಿಮಾಡಿಕೊಡಲಿ. ಆಶ್ರಮದಲ್ಲೇ ಇರಲೇಬೇಕಾದ ದೊಡ್ಡ ಮಕ್ಕಳಿಗೆ ಪಾಠ ಹೇಳುವುದಾದರೆ, ಪ್ರತಿ ಶನಿವಾರ ಬರುತ್ತೇನೆ ಎಂದು ಒಪ್ಪಿಕೊಂಡು ಹತ್ತನೆಯ ತರಗತಿ ಮುಗಿಯುವವರೆಗೆ ಬರಲಿ. ಹದಿನೆಂಟು ತುಂಬಿದ ಹುಡುಗ ಆಶ್ರಮದಿಂದ ಹೊರಬೀಳುವಾಗ ಅವನಿಗೊಂದು ಬಾಡಿಗೆ ರೂಮು ಕೊಡಿಸುವವರು, ಮೊದಲ ಬಟವಾಡೆಯಾಗುವವರೆಗೆ ಮೆಸ್ಸಿನ ದುಡ್ಡು ಕಟ್ಟುವವರು ಬಹಳ ಕಡಿಮೆ. ಮರಳೂರಿನಂಥ ರೂಮುಗಳ ಊರಿಗೆ ಇದು ಹೇಳಿಮಾಡಿಸಿದ ಕೆಲಸ.

ದುಡ್ಡಿನ ಮಾತನ್ನೂ ಆಡಿಬಿಡುತ್ತೇನೆ. ನೈರೋಬಿಗೆ ಹೋಗಿ ಬರುವ ವಿಮಾನದ ಖರ್ಚು, ಏರ್ಪಾಡು ಮಾಡುವ ಸಂಸ್ಥೆಯ ಶುಲ್ಕ ಎರಡನ್ನೂ ಕೂಡಿಸಿದರೆ ಬಿಸಿಯೂಟದ ಒಬ್ಬ ಅಡುಗೆಯಮ್ಮನ ಒಂದು ವರ್ಷದ ಗೌರವಧನವನ್ನು ಮೀರುತ್ತದೆ. ತಿಂಗಳಿಗೆ ಐದು ಸಾವಿರವೂ ಸಿಗದ ಈ ಹೆಂಗಸರು ಗೌರವಧನ ಹೆಚ್ಚಿಸಿ ಎಂದು ಬೆಂಗಳೂರಿನ ರಸ್ತೆಗಳಲ್ಲಿ ಎಷ್ಟೋ ಸಲ ಕೂತಿದ್ದಾರೆ. ಮಕ್ಕಳಿಗೆ ಉಣಿಸುವ ಕೆಲಸದಲ್ಲಿ ಅವರದು ಈ ರಾಜ್ಯದ ದೊಡ್ಡದೊಂದು ಪಡೆ. ಅನಾಥ ಮಕ್ಕಳ ಬಗ್ಗೆ ಕನಿಕರವಿರುವವರು ಅವರ ಬೇಡಿಕೆಯ ಪರವಾಗಿಯೂ ದನಿ ಎತ್ತಬೇಕು.

ಕೊನೆಗೂ ಹೊರದೇಶಕ್ಕೇ ಹೋಗಬೇಕೆಂದು ಗಟ್ಟಿ ಮನಸ್ಸು ಮಾಡಿದವರು, ಒಂದು ವರ್ಷವಾದರೂ ನಿಲ್ಲುವಂತೆ, ಅಲ್ಲಿಯ ಭಾಷೆ ಕಲಿತು, ಅಲ್ಲಿಯವರಿಗೆ ಬಾರದ ವಿದ್ಯೆಯೊಂದನ್ನು ಅಲ್ಲಿಯವರಿಗೇ ಕಲಿಸುವಂತೆ ಹೋಗಲಿ. ಅದಕ್ಕೆ ಪುರುಸೊತ್ತಿಲ್ಲದವರಿಗೆ ಏಪ್ರಿಲ್, ಮೇ ಇದೆ. ಶಾಲೆ ಮುಚ್ಚಿದರೆ ಬಿಸಿಯೂಟವೂ ನಿಲ್ಲುತ್ತದೆ. 2024ರ ಬೇಸಿಗೆಯಂತೆ ಬರ ಬಿದ್ದ ವರ್ಷಗಳಲ್ಲಿ ಮಾತ್ರ ಸರ್ಕಾರ ರಜೆಯಲ್ಲೂ ಬಡಿಸುತ್ತದೆ. ಉಳಿದ ವರ್ಷಗಳಲ್ಲಿ ಅಜ್ಜಿಯ ಮನೆಯ ಮಕ್ಕಳಿಗೆ ಮಧ್ಯಾಹ್ನದ ಊಟ ಏನೆಂದು ಕೇಳುವವರಿಲ್ಲ. ಬಾಲಮಂದಿರಗಳಲ್ಲಿ ಮನೆಯಿದ್ದ ಮಕ್ಕಳು ಊರಿಗೆ ಹೋಗಿ, ಹೋಗಲು ಊರಿಲ್ಲದವರು ಉಳಿದಿರುತ್ತಾರೆ. ಆ ಎರಡು ತಿಂಗಳಿಗೆ ಗುಬ್ಬಿ, ಕುಣಿಗಲ್ಲಿನ ಯಾವ ಹಳ್ಳಿಯಲ್ಲಿ ಎಷ್ಟು ಮಕ್ಕಳಿದ್ದಾರೆ, ಅಡುಗೆ ಮಾಡಲು ಒಪ್ಪುವ ತಾಯಂದಿರು ಯಾರು, ಅಕ್ಕಿ ರಾಗಿ ಎಷ್ಟು ಬೇಕು ಎಂದು ಮಾರ್ಚಿನಲ್ಲೇ ಪಂಚಾಯಿತಿ ಕಚೇರಿಗೆ, ಅಂಗನವಾಡಿ ಕಾರ್ಯಕರ್ತೆಯ ಬಳಿಗೆ ಹೋಗಿ ಕೇಳಿ ಪಟ್ಟಿ ಮಾಡಬಹುದು.